ಮೂರನೇ ವರ್ಷದ ಹಸಿವು

ತೂಕ ಇಳಿಸೋ ಆಪರೇಶನ್ ಮಾಡಿಸ್ಕೋಬೇಕು ಅನ್ನೋರು ನನಗ ಫೋನ್ ಮಾಡಿದ್ರ ಎಷ್ಟು ಕೆಜಿ ಇಳಿದ್ರಿ, ಎಷ್ಟು ಖರ್ಚಾತು, ಭಾಳ ನೋವಾಗತೈತೇನು ಅಂತ ನೇರ ಕೇಳತಾರ. ಆಪರೇಶನ್ ಆಗಿ ಎರಡು-ಮೂರು ವರ್ಷ ಆದೋರು ಹಂಗ ಕೇಳಂಗಿಲ್ಲ. ಮೊದಲ ಮಳಿ-ಬೆಳಿ ಮಾತಾಡತಾರ, ಸಾಲಿ ವಿಷಯ ತಗೀತಾರ, ಮಗಳ ರಿಸಲ್ಟ್ ಏನಾತು ಅಂತಾರ, ಆಮ್ಯಾಲ ದನಿ ಸಣ್ಣಗ ಮಾಡಿ "ಟೀಚರ್, ಮತ್ತ ತಿನ್ನಾಕ ಹತ್ತೀನ್ರಿ, ವಾಕಿಂಗೂ ಬಿಟ್ಟೀನಿ, ಯಾವುದಕ್ಕೂ ಮನಸ ಬರವಲ್ದು" ಅಂತಾರ. ಕಳವು ಮಾಡಿ ಸಿಕ್ಕಬಿದ್ದೋರಂಗ ಹೇಳತಾರ, ಅದನ್ನ ಕೇಳಿದಾಗೆಲ್ಲ ನನ್ನ ಹೊಟ್ಯಾಗ ಸಂಕಟ ಆಗತೈತಿ. ಈ ಬರಹ ಅವರ ಸಲುವಾಗಿ. ಇನ್ನೂ ಮಾಡಿಸ್ಕೊಳ್ಳದೋರೂ ಓದ್ರಿ, ಮುಂದ ಉಪಯೋಗಕ್ಕ ಬರತೈತಿ.

ನಾನು ಕೊಪ್ಪಳದಾಗ ಪ್ರೈಮರಿ ಸಾಲಿ ಟೀಚರ್. ಕೋವಿಡ್ ಕಡಿಮಿ ಆದ ಮ್ಯಾಲ ಹುಬ್ಬಳ್ಳಿಯ ಒಂದು ಪ್ರೈವೇಟ್ ದವಾಖಾನ್ಯಾಗ ಸ್ಲೀವ್ ಆಪರೇಶನ್ ಮಾಡಿಸ್ಕೊಂಡೆ. ಆಗ 112 ಕೆಜಿ ಇದ್ದೆ, ಶುಗರ್ ಇತ್ತು, ಬಿಪಿ ಇತ್ತು, ರಾತ್ರಿ ಮಕ್ಕೊಂಡಾಗ ಉಸಿರು ಕಟ್ಟಿ ಎದ್ದು ಕುಂಡ್ರತಿದ್ದೆ, ಮೆಟ್ಟಲಾ ಹತ್ತಿ ಮ್ಯಾಲಿನ ಕ್ಲಾಸಿಗೆ ಹೋಗೋದ್ರಾಗ ಬೆವರು ಇಳಿಯೋದು. ಒಂದೂವರೆ ವರ್ಷದಾಗ 74ಕ್ಕ ಬಂದೆ. ಶುಗರ್ ಗುಳಿಗಿ ಬಂದ್ ಆತು, ಉಸಿರು ಕಟ್ಟೋದು ನಿಂತು. ಆಪರೇಶನ್ ನನ್ನ ಜೀವ ಉಳಿಸೈತಿ ಅನ್ನೋದ್ರಾಗ ನನಗ ಇವತ್ತಿಗೂ ಅನುಮಾನ ಇಲ್ಲ. ಮೂರನೇ ವರ್ಷದಾಗ ತೂಕ 86ಕ್ಕ ಏರಿತು. ಅದು ಯಾಕ ಏರಿತು, ಆಗ ಒಳಗೊಳಗ ಏನು ನಡದಿತ್ತು, ಏನು ಸಹಾಯ ಆತು ಅನ್ನೋದನ್ನ ಬಿಡಿಸಿ ಹೇಳತೀನಿ.

ಸ್ಲೀವ್ ಅಂದ್ರ ಜಠರದ ಶೇಕಡಾ 75ರಿಂದ 80ರಷ್ಟು ಭಾಗ ಕತ್ತರಿಸಿ ಹೊರಗ ತಗದುಬಿಡತಾರ, ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಕೊಳವಿ. ತಗದ ಭಾಗದಾಗ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನ್ ಹೆಚ್ಚು ತಯಾರಾಗತಿರತೈತಿ, ಅದು ಒಮ್ಮಿಂದೊಮ್ಮೆ ಕಡಿಮಿ ಆಗೋದ್ರಿಂದ ಮೊದಲ ಕೆಲವು ತಿಂಗಳು ಹಸಿವಂದ್ರ ಏನು ಅನ್ನೋದು ಮರತು ಹೋಗತೈತಿ. ತೂಕ ಇಳಿಸೋ ಇನ್ನೊಂದು ಆಪರೇಶನ್ ಬೈಪಾಸ್ (ಹೃದಯದ್ದಲ್ಲ, ಹೊಟ್ಟಿದು), ಅದ್ರಾಗ ಬ್ಯಾರೆ ಥರ, ಜಠರದ ಮ್ಯಾಲಿನ ತುದಿಯೊಳಗ ಸುಮಾರು 30 ಎಂಎಲ್ ಹಿಡಿಯೋ ಸಣ್ಣ ಚೀಲ ಮಾಡಿ, ಸಣ್ಣ ಕರುಳಿನ ಒಂದಿಷ್ಟು ಭಾಗ ದಾಟಿಸಿ ಮುಂದಕ್ಕ ಜೋಡಸ್ತಾರ. ಎರಡರಾಗೂ ಮೊದಲನೇ ವರ್ಷ ಭಾಳ ಚಂದ ಇರತೈತಿ. ವಾರ ವಾರ ಕಾಟಾ ಮ್ಯಾಲ ನಿಂತ್ರ ಒಂದು ಖುಷಿ, ಬ್ಲೌಸ್ ಹೊಲಿಯೋರ ಕಡೆ ಹೋದ್ರ ಒಂದು ಖುಷಿ, ಮದುವಿ ಮನಿಗೆ ಹೋದ್ರ ಗುರುತು ಸಿಗಲಿಲ್ರಿ ಅನ್ನೋರು, ಸ್ಟಾಫ್ ರೂಮಿನಾಗ ದಿನಾ ಯಾರಾದ್ರೂ ಏನಾದ್ರೂ ಅನ್ನೋರು. ಮೂರು-ನಾಲ್ಕು ತಿಂಗಳಿಗೆ ಕೂದಲು ಉದುರಿದಾಗ ಸ್ವಲ್ಪ ಹೆದರಿಕಿ ಆತು, ಅದೂ ತಾನ ನಿಂತು.

ಆ ವರ್ಷ ನಾವು ಕಷ್ಟ ಪಟ್ಟಿದ್ದು ನಿಜ, ಅದ್ರ ಜೊತಿಗೆ ಹಸಿವು ಇರಲಿಲ್ಲ ಅನ್ನೋದೂ ನಿಜ. ಈ ಎರಡನೇ ಮಾತು ಯಾರೂ ಒತ್ತಿ ಹೇಳಂಗಿಲ್ಲ. ಎಲ್ಲಾರೂ ನಿಮ್ಮ ಛಲ ಮೆಚ್ಚಬೇಕ್ರಿ, ನಿಮ್ಮ ಮನಸ್ಸು ಗಟ್ಟಿ ಅಂತಾರ, ಕೇಳಿ ಕೇಳಿ ನಾವೂ ಅದನ್ನ ನಂಬತೀವಿ, ಆಮ್ಯಾಲ ವರ್ಷ ಒಂದೂವರೆ ವರ್ಷಕ್ಕ ಹಸಿವು ತಿರುಗಿ ಬಂದಾಗ ಮನಸ್ಸು ಸಡಲ ಆತು, ಛಲ ಹೋತು ಅಂತ ನಮ್ಮನ್ನ ನಾವ ಬೈಕೊಳ್ಳಾಕ ಶುರು ಮಾಡತೀವಿ. ಮನಸ್ಸು ಅದ ಇರತೈತಿ. ಒಳಗಿನ ಕೆಲಸ ಬದಲಾಗಿರತೈತಿ. ಕೊಳವಿ ಸ್ವಲ್ಪ ಹಿಗ್ಗಿರತೈತಿ, ಸಣ್ಣ ಆದ ಮೈಗೆ ದಿನಕ್ಕ ಬೇಕಾಗೋ ಕ್ಯಾಲೊರಿ ಮೊದಲಿಗಿಂತ ಕಡಿಮಿ ಆಗಿರತೈತಿ, ಜೊತಿಗೆ ಕಳಕೊಂಡ ಕೊಬ್ಬು ವಾಪಸ್ ತರಬೇಕಂತ ಮೈ ತನ್ನ ಪ್ರಯತ್ನ ಬಿಟ್ಟಿರಂಗಿಲ್ಲ.

ಇದಕ್ಕ ಎರಡು ಹಳೇ ಅಧ್ಯಯನ ನಾನು ಯಾವಾಗ್ಲೂ ಹೇಳತೀನಿ. ಒಂದು ಅಮೆರಿಕದ ಮಿನೆಸೋಟಾದಾಗ 1944-45ರಾಗ ಏನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ನಡೆಸಿದ್ದು. ಗಟ್ಟಿಮುಟ್ಟಾದ 36 ಗಂಡಸರಿಗೆ ತಿಂಗಳಾನುಗಟ್ಟಲೆ ಅರೆಹೊಟ್ಟಿ ಊಟ ಕೊಟ್ಟು ನೋಡಿದ್ರು. ಅವ್ರಿಗೆ ಎಲ್ಲಾದ್ರಾಗೂ ಆಸಕ್ತಿ ಹೋತು, ಹಗಲು ರಾತ್ರಿ ಊಟದ್ದ ವಿಚಾರ, ಅಡಿಗಿ ಪುಸ್ತಕ ಓದೋದು, ತಟ್ಟಿ ನೆಕ್ಕೋದು, ಮುಂದ ಊಟ ಬಿಟ್ಟಾಗ ಎಷ್ಟು ಉಂಡ್ರೂ ಸಾಕನಸವಲ್ದು. ಅವ್ರೇನು ದುರಾಸಿ ಮಂದಿ ಅಲ್ಲ, ಆರಿಸಿ ತಗೊಂಡ ಆರೋಗ್ಯವಂತರು. ಇನ್ನೊಂದು ಸ್ವೀಡನ್ನಿಂದು, 1987ರಾಗ ಚಾಲೂ ಆಗಿ ದಶಕಗಟ್ಟಲೆ ನಡದದ್ದು. ಅದ್ರಾಗ ಬೈಪಾಸ್ ಆದೋರು ಮೊದಲ ಒಂದೆರಡು ವರ್ಷದಾಗ ಸರಾಸರಿ ಶೇಕಡಾ 32ರಷ್ಟು ತೂಕ ಇಳಿಸಿದ್ರು, ಆಮ್ಯಾಲ ನಿಧಾನ ಸ್ವಲ್ಪ ಸ್ವಲ್ಪ ಏರಿ ಹತ್ತನೇ ವರ್ಷದಾಗ ಅವ್ರ ಇಳಿಕಿ ಶೇಕಡಾ 25ರ ಹತ್ರ ನಿಂತಿತು. ಅಂದ್ರ ಏರೋದು ಮೊದಲ ಲೆಕ್ಕದಾಗ ಐತಿ. ಏರಿದ ಮ್ಯಾಲೂ ಅವ್ರು ಮೊದಲಿಗಿಂತ ಎಷ್ಟೋ ಕೆಳಗ ಇದ್ರು, ಆಪರೇಶನ್ ಆದೋರಾಗ ಸಾವು ಕಡಿಮಿ ಆತು ಅಂತ 2007ರಾಗ ಅದ ಅಧ್ಯಯನದೋರು ಬರದ್ರು. ಆ ಕಾಲಕ್ಕ ಸ್ಲೀವ್ ಇನ್ನೂ ರೂಢಿಗೆ ಬಂದಿರಲಿಲ್ಲ, ಆದ್ರ ನಮ್ಮದೂ ಹೆಚ್ಚು ಕಡಿಮಿ ಅದ ದಾರಿ. ಬೈಪಾಸ್ ಅನ್ನೋದನ್ನ ಅಮೆರಿಕದ ಎಡ್ವರ್ಡ್ ಮೇಸನ್ ಮೊದಲು ಮಾಡಿದ್ದು 1966ರಾಗ, ಅಷ್ಟು ವರ್ಷದಿಂದ ಡಾಕ್ಟರ್ರು ನೋಡಕೋತ ಬಂದ ವಿಷಯ ಇದು, ನಮ್ಮೊಬ್ಬರ ಮನ್ಯಾಗ ಹುಟ್ಟಿದ ನಾಚಿಕಿ ಅಲ್ಲ.

ಈಗ ಸಂಜಿ ಹೊತ್ತಿನ ವಿಷಯಕ್ಕ ಬರತೀನಿ, ಯಾಕಂದ್ರ ನಾನು ಮಾತಾಡಿದ ಮುಕ್ಕಾಲು ಮಂದಿಗೆ ತೊಂದ್ರಿ ಇರೋದು ಊಟದಾಗಲ್ಲ, ಸಂಜಿ ಐದರಿಂದ ಎಂಟರ ನಡುವ. ಸಾಲಿ ಬಿಟ್ಟು ಬಂದು ಪರ್ಸ್ ಇಟ್ಟು ಚಾಕ್ಕ ಇಡತೀನಿ, ಮನ್ಯಾಗ ಯಾರೂ ಇರಂಗಿಲ್ಲ, ಮಗಳು ಟ್ಯೂಷನ್‌ಗೆ ಹೋಗಿರತಾಳ, ನಮ್ಮನಿಯವ್ರು ಬರೋದು ಏಳೂವರೆಗೆ. ಮಂಡಾಳದ (ಚುರುಮುರಿ) ಡಬ್ಬಿ ಕೈಗೆ ಸಿಗತೈತಿ. ಒಂದು ಹಿಡಿ ಮಂಡಾಳ, ನಾಕು ಶೇಂಗಾ, ಒಂದೀಟ ಖಾರಾ. ಹತ್ತು ನಿಮಿಷಕ್ಕ ಇನ್ನೊಂದು ಹಿಡಿ. ನೋಟ್‌ಬುಕ್ ತಿದ್ದಾಕ ಕುಂತ್ರ ಬಾಜೂಕ ಬಟ್ಟಲಾ. ಊಟದ ಹೊತ್ತಿಗೆ ಹೊಟ್ಟಿ ತುಂಬೈತೋ ಇಲ್ಲೋ ಗೊತ್ತಾಗಂಗಿಲ್ಲ, ಊಟಾನೂ ಆಗತೈತಿ.

ಇಲ್ಲಿ ಒಂದು ವಿಷಯ ಎಲ್ಲಾರಿಗೂ ಗೊತ್ತಿರಬೇಕು, ನನಗ ಇದನ್ನ ಬಿಡಿಸಿ ಹೇಳಿದ್ದು ಮೂರನೇ ವರ್ಷದಾಗ ಸಿಕ್ಕ ಡಯಟೀಷಿಯನ್. ಜೋಳದ ರೊಟ್ಟಿ, ಮೊಳಕಿ ಬಂದ ಹೆಸರುಕಾಳು ಪಲ್ಯ ಉಂಡ್ರ ಅರ್ಧ ರೊಟ್ಟಿಗೆ ಕೊಳವಿ ತುಂಬತೈತಿ, ಎದಿ ಕೆಳಗ ಒತ್ತಿದಂಗ ಆಗಿ ಸಾಕು ಅನಸ್ತೈತಿ, ಆಮ್ಯಾಲ ಒಂದು ತುತ್ತು ಹೋದ್ರೂ ಒಳಗ ನಿಂದ್ರಂಗಿಲ್ಲ. ಮಂಡಾಳ, ಚೂಡಾ, ಚಾದಾಗ ಅದ್ದಿದ ಬಿಸ್ಕೀಟ್, ಸೇವು, ಐಸ್‌ಕ್ರೀಮ್, ಬೇಕರಿ ಖಾರಿ ಇವು ಹಂಗಲ್ಲ, ಬಾಯಾಗ ಕರಗಿ ಮೆತ್ತಗಾಗಿ ಕೊಳವಿಯೊಳಗ ನಿಂದ್ರದಂಗ ಇಳಿದು ಹೋಗಿಬಿಡತಾವು. ಮ್ಯಾಲ ಚಾ ಕುಡದ್ರ ಇನ್ನೂ ಲಗೂನ ಇಳೀತಾವು. ಆಪರೇಶನ್ ತಡಿಯೋದು ಒಮ್ಮೆಗೆ ಭಾಳ ಉಣ್ಣೋದನ್ನ, ಸಂಜಿಯೆಲ್ಲ ಸ್ವಲ್ಪ ಸ್ವಲ್ಪ ತಿನ್ನೋದನ್ನ ತಡಿಯೋ ಶಕ್ತಿ ಅದಕ್ಕ ಇಲ್ಲ. ಅದಕ್ಕ ಊಟ ಮಾಡೋವಾಗ ನೀರು ಕುಡೀಬ್ಯಾಡ್ರಿ, ಊಟ ಆಗಿ ಅರ್ಧ ತಾಸು ಬಿಟ್ಟು ಕುಡೀರಿ ಅಂತಾರ. ಮೊದಲು ಅದನ್ನ ಬರೇ ವಾಂತಿ ಆಗಬಾರದಂತ ಹೇಳ್ಯಾರ ಅನ್ಕೊಂಡಿದ್ದೆ. ಗಟ್ಟಿ ಊಟ ಕೊಳವಿಯೊಳಗ ಸ್ವಲ್ಪ ಹೊತ್ತು ನಿಂತ್ರ ಮಾತ್ರ ಹೊಟ್ಟಿ ತುಂಬಿದ್ದು ಗೊತ್ತಾಗೋದು.

ನಮ್ಮ ಕಡೆ ಮಂಡಾಳ ಬಿಟ್ಟು ಇರೋದು ಎಷ್ಟು ಕಷ್ಟ ಅಂತ ಬ್ಯಾರೆ ಕಡೆಯೋರಿಗೆ ಗೊತ್ತಾಗಂಗಿಲ್ಲ. ಬಳ್ಳಾರಿ, ಗಂಗಾವತಿ, ಸಿಂಧನೂರು, ರಾಯಚೂರು ಎಲ್ಲಿ ಹೋಗ್ರಿ, ಮಂಡಾಳದ ಒಗ್ಗರಣಿ-ಮಿರ್ಚಿ ಇಲ್ಲದ ಮುಂಜಾನಿ ಇಲ್ಲ, ಇಲ್ಲದ ಸಂಜೀನೂ ಇಲ್ಲ. ಯಾರರೆ ಮನಿಗೆ ಬಂದ್ರ ಅದ, ಸ್ಟಾಫ್ ಮೀಟಿಂಗ್‌ಗೆ ಅದ, ಟ್ರಾನ್ಸ್‌ಫರ್ ಆಗಿ ಹೋಗೋರ ಪಾರ್ಟಿಗೂ ಅದ. ಬ್ಯಾಡ ಅಂದ್ರ "ಯಾಕ್ರಿ ಟೀಚರ್, ನಮ್ಮ ಮನೀದು ಹಿಡಸಂಗಿಲ್ಲೇನು" ಅಂತಾರ, ಅವ್ರು ಪ್ರೀತಿಲೆ ಅಂತಾರ. ಗವಿಮಠದ ಜಾತ್ರಿ ಬಂದ್ರ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಾಗ ರೊಟ್ಟಿ ಬರತಾವು, ದಾಸೋಹದಾಗ ಲಕ್ಷಗಟ್ಟಲೆ ಮಂದಿ ಉಣ್ಣತಾರ, ಮಾದಲಿ ಅನ್ನೋ ಸಿಹಿ ಬಡಸ್ತಾರ. ಅಲ್ಲಿ ಕುಂತು ಪ್ರಸಾದಕ್ಕ ಬ್ಯಾಡ ಅನ್ನಾಕ ನನಗ ಮನಸ ಬರಂಗಿಲ್ಲ, ಅನ್ನೋದೂ ಇಲ್ಲ. ಒಂದು ಚಮಚ ಮಾದಲಿ ಹಾಕಿಸ್ಕೊಂಡು ಕಣ್ಣಿಗೆ ಒತ್ಕೊಂಡು ನಿಧಾನ ತಿಂತೀನಿ, ಮೊದಲ ರೊಟ್ಟಿ ಚೂರು, ಕಾಳು ಪಲ್ಯ ತಿಂದು ಆಮ್ಯಾಲ. ಬೈಪಾಸ್ ಆದೋರಿಗೆ ಸಿಹಿ ಒಮ್ಮೆಲೆ ಹೋದ್ರ ಡಂಪಿಂಗ್ ಅಂತ ಆಗತೈತಿ, ಉಂಡು 10-30 ನಿಮಿಷಕ್ಕ ಎದಿ ಡವಡವ, ಬೆವರು, ಹೊಟ್ಟಿ ನೋವು, ಕೆಲವರಿಗೆ ಒಂದರಿಂದ ಮೂರು ತಾಸಿಗೆ ಶುಗರ್ ಇಳಿದು ತಲಿ ತಿರಗತೈತಿ. ಸ್ಲೀವ್ ಆದೋರಿಗೂ ಒಮ್ಮೊಮ್ಮೆ ಆಗತೈತಿ. ಹಂಗಾಗಿ ಪ್ರಸಾದ ಅಂದ್ರೂ ಅಳತಿ ಇರಲಿ.

ಉಣ್ಣೋದು ಬರೇ ಹಸಿವಿನ ಲೆಕ್ಕ ಆಗಿದ್ರ ಇಲ್ಲಿಗೆ ಬರಹ ಮುಗೀತಿತ್ತು. ಎರಡನೇ ವರ್ಷ ಮುಗಿಯೋದ್ರಾಗ ನಮ್ಮ ಅವ್ವ ತೀರಿಕೊಂಡ್ಲು. ಊರು ಕುಷ್ಟಗಿ ಕಡೆ. ದುಃಖದ ಮನ್ಯಾಗ ಒಲಿ ಹಚ್ಚಂಗಿಲ್ಲ, ಬೀಗರು, ಓಣಿಯೋರು ಬುತ್ತಿ ತರತಾರ, ಬಾಜೂಕ ಕುಂತು ಬೆನ್ನ ಮ್ಯಾಲ ಕೈ ಇಟ್ಟು ಒಂದು ತುತ್ತರೆ ಉಣ್ಣವಾ ಅಂತಾರ. ಅವರ ಕೈಯಾಗಿಂದ ತುತ್ತು ತಗೊಳ್ಳದಿದ್ರ ಅವರನ್ನ ದೂರ ತಳ್ಳಿದಂಗ. ಆ ದಿನ ಹೆಂಗೋ ಹೋದ್ವು. ಕೊಪ್ಪಳಕ್ಕ ಬಂದ ಮ್ಯಾಲ ಸಂಜಿ ಐದರ ಹೊತ್ತು ಕಳಿಯೋದು ಆಗಲಿಲ್ಲ, ಯಾಕಂದ್ರ ದಿನಾ ಆ ಹೊತ್ತಿಗ ಅವ್ವಗ ಫೋನ್ ಮಾಡತಿದ್ದೆ, ಸಾಲಿದ್ದು ಹೇಳತಿದ್ದೆ, ಆಕಿ ಹೊಲದ್ದು ಹೇಳತಿದ್ಲು. ಫೋನ್ ಇಲ್ಲದ ಆ ಹೊತ್ತಿನಾಗ ಡಬ್ಬಿ ತಗೀತಿದ್ದೆ. ಇದನ್ನ ನಾನ ಕಂಡಹಿಡಿಲಿಲ್ಲ, ಒಬ್ಬರು ಕೇಳಿದ ಮ್ಯಾಲ ಗೊತ್ತಾತು, ಅದನ್ನ ಮುಂದ ಹೇಳತೀನಿ.

ಉತ್ಸಾಹ ಹೋಗೋದ್ರ ಬಗ್ಗೆ ಮೊದಲ ಒಂದು ಮಾತು. ನಡಿಯಾಕ ಬ್ಯಾಡ, ಅಡಿಗಿ ಬ್ಯಾಡ, ಮುಂಜಾನಿ ಏಳಾಕ ಬ್ಯಾಡ, ಕ್ಲಾಸಿನಾಗ ಬೋರ್ಡ್ ಮ್ಯಾಲ ಬರಿಯೋವಾಗ ಕೈ ಸೋತಂಗ, ಇದೆಲ್ಲ ಮನಸಿಂದ ಅಂತ ನಾನೂ ಅನ್ಕೊಂಡಿದ್ದೆ, ಮನ್ಯಾಗೂ ಹಂಗ ಅಂದ್ರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9ರ ಹತ್ರ, ಬಿ12 ಭಾಳ ಕಡಿಮಿ, ವಿಟಮಿನ್ ಡಿ ಕಡಿಮಿ. ಜಠರದ ದೊಡ್ಡ ಭಾಗ ತಗದ ಮ್ಯಾಲ ಬಿ12 ಹೀರಿಕೊಳ್ಳಾಕ ಬೇಕಾದ ಒಂದು ಪದಾರ್ಥ ಕಡಿಮಿ ತಯಾರಾಗತೈತಿ, ಆಸಿಡ್ ಕಡಿಮಿ ಆಗೋದ್ರಿಂದ ಕಬ್ಬಿಣಾಂಶಾನೂ ಸರಿಯಾಗಿ ಹತ್ತಂಗಿಲ್ಲ, ಬೈಪಾಸ್ ಆದೋರಿಗೆ ಇದು ಇನ್ನೂ ಹೆಚ್ಚು. ಹೆಣ್ಮಕ್ಕಳಿಗೆ ತಿಂಗಳಾ ತಿಂಗಳಾ ರಕ್ತ ಹೋಗೋದು ಬ್ಯಾರೆ. ಇಂಜೆಕ್ಷನ್, ಗುಳಿಗಿ ಚಾಲೂ ಆಗಿ ಒಂದೆರಡು ತಿಂಗಳಿಗೆ ನನ್ನ ಕಾಲಾಗ ಬಲ ಬಂತು, ಬಲ ಬಂದ ಮ್ಯಾಲ ನಡೀಬೇಕು ಅನಸ್ತು. ಅದಕ್ಕ ಯಾರರೆ "ಮೋಟಿವೇಶನ್ ಇಲ್ರಿ" ಅಂದ್ರ ನಾನು ಮೊದಲ ಬಿ12 ಎಷ್ಟೈತಿ ಅಂತ ಕೇಳತೀನಿ. ಯೂಟ್ಯೂಬಿನಾಗ ಸ್ಫೂರ್ತಿ ಭಾಷಣ ಕೇಳೋಕಿಂತ ಮೊದಲ ಈ ಟೆಸ್ಟ್ ಮಾಡಿಸ್ರಿ. ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಾಗ ಕಬ್ಬಿಣಾಂಶ ಎಷ್ಟು ಕೂಡೈತಿ ಅನ್ನೋದು), ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಇವು ವರ್ಷಕ್ಕೊಮ್ಮೆ ಬೇಕ ಬೇಕು, ಜೀವ ಇರೋ ತನಕ. ವಾಂತಿ ದಿನಗಟ್ಟಲೆ ನಿಲ್ಲದಿದ್ರ ತಡ ಮಾಡಬ್ಯಾಡ್ರಿ, ಬಿ1 ಕಡಿಮಿ ಆಗಿ ನರಕ್ಕ, ಮೆದುಳಿಗೆ ಪೆಟ್ಟಾಗತೈತಿ, ಅದಕ್ಕ ಆವತ್ತ ದವಾಖಾನಿಗೆ ಹೋಗಬೇಕು.

ನನ್ನ ಸಿಟ್ಟು ಇರೋದು ಇಲ್ಲಿ. ಆಪರೇಶನ್ ಪ್ಯಾಕೇಜಿನಾಗ ಮೊದಲ ವರ್ಷದ ಚೆಕಪ್ ಬರದಿರತೈತಿ, ಡಯಟ್ ಚಾರ್ಟ್ ವಾರ ವಾರದ್ದು ಕೊಟ್ಟಿರತಾರ, ಲಿಕ್ವಿಡ್ ಎಷ್ಟು ದಿನ, ಮೆತ್ತಗಿಂದು ಎಷ್ಟು ದಿನ, ಎಲ್ಲಾ. ನನಗ ಕೊಟ್ಟ ಚಾರ್ಟ್ 12ನೇ ತಿಂಗಳಿಗೆ ಮುಗದಿತ್ತು. ಎಲ್ಲಿ ಕಷ್ಟ ಶುರು ಆಗತೈತೋ ಅಲ್ಲಿಗೆ ಕಾಗದ ಖಾಲಿ. ಜೀವನಪೂರ್ತಿ ಫಾಲೋಅಪ್ ಬೇಕು ಅಂತ ಈ ಆಪರೇಶನ್‌ಗಳ ಎಲ್ಲಾ ಗೈಡ್‌ಲೈನ್‌ನಾಗೂ ಐತಿ. ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದ್‌ಗೆ ಹೋಗಿ ಮಾಡಿಸ್ಕೊಂಡು ಬರೋ ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲಾದೋರಿಗೆ ಮೂರನೇ ವರ್ಷದಾಗ ಯಾರು ಫೋನ್ ಮಾಡತಾರ? ತೂಕ ಏರಿದ ಮ್ಯಾಲ ಅಲ್ಲಿಗೆ ಹೋಗಾಕ ಇವ್ರಿಗೆ ನಾಚಿಕಿ, ಬೈತಾರಂತ ಹೆದರಿಕಿ, ಒಂದು ದಿನ ರಜಾ ಹಾಕಬೇಕು, ಬಸ್ಸು-ಟ್ರೇನು ಖರ್ಚು, ಹಿಂಗಾಗಿ ಹೋಗೋದ ನಿಲ್ಲತೈತಿ. ಆಪರೇಶನ್ ಮಾಡೋ ದವಾಖಾನಿಯೋರು ಮೊದಲ ದಿನಾನ ಎರಡನೇ, ಮೂರನೇ, ಐದನೇ ವರ್ಷದ ತಾರೀಖು ಬರದು ಕೊಡಬೇಕು, ಫೋನ್‌ನಾಗ ಮಾತಾಡೋ ಡಯಟೀಷಿಯನ್ ಇರಬೇಕು, ಮನಸಿನ ಡಾಕ್ಟರ್ ಇರಬೇಕು. ಇದು ಹೆಚ್ಚಿನ ಸೌಲಭ್ಯ ಅಲ್ಲ, ಆಪರೇಶನ್ನಿನ ಅರ್ಧ ಭಾಗ ಇದ.

ಮನಸಿನ ಡಾಕ್ಟರ್ ಅಂದ ಕೂಡ್ಲೆ ನಮ್ಮ ಮಂದಿ ಹಿಂದ ಸರೀತಾರ. ಅವ್ರಿಗೆ ನಾನು ಒಂದು ವಿಷಯ ಹೇಳತೀನಿ, ಹಳ್ಳಿ ಹಳ್ಳಿಗೆ ಮಾನಸಿಕ ಆರೋಗ್ಯದ ಚಿಕಿತ್ಸೆ ಮುಟ್ಟಿಸೋ ಕೆಲಸ ಇಡೀ ದೇಶಕ್ಕ ಮಾದರಿ ಆಗಿದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನೋರು 1985ರಿಂದ 1990ರ ತನಕ ಬಳ್ಳಾರಿ ಜಿಲ್ಲಾದ ಪ್ರೈಮರಿ ಹೆಲ್ತ್ ಸೆಂಟರ್ ಡಾಕ್ಟರ್ರಿಗೆ, ಹೆಲ್ತ್ ವರ್ಕರ್‌ಗಳಿಗೆ ಟ್ರೇನಿಂಗ್ ಕೊಟ್ಟು, ಅಲ್ಲೇ ಗುರುತಿಸಿ ಅಲ್ಲೇ ಔಷಧ ಕೊಡೋ ವ್ಯವಸ್ಥಾ ಮಾಡಿ ನೋಡಿದ್ರು, ಅದಕ್ಕ ಬಳ್ಳಾರಿ ಮಾಡೆಲ್ ಅಂತ ಹೆಸರು ಬಂತು, ಅದನ್ನ ಇಟ್ಕೊಂಡ 1996ರಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಾಗ ಚಾಲೂ ಆತು. ನಮ್ಮ ನೆಲದಾಗ ಹುಟ್ಟಿದ ಸೌಲಭ್ಯ ತಗೊಳ್ಳಾಕ ನಾವ ಯಾಕ ನಾಚಬೇಕು. ಜಿಲ್ಲಾ ಆಸ್ಪತ್ರ್ಯಾಗ ಈ ವಿಭಾಗ ಇರತೈತಿ. ಹೊರಗ ಹೋಗಾಕ ಆಗದಿದ್ರ ಟೆಲಿ ಮನಸ್ ಅನ್ನೋ ಸರ್ಕಾರದ ಫೋನ್ ಸಹಾಯವಾಣಿ ಐತಿ, 14416, 2022ರ ಅಕ್ಟೋಬರ್ 10ಕ್ಕ ಚಾಲೂ ಆದದ್ದು, ಕನ್ನಡದಾಗ ಮಾತಾಡಬಹುದು, ದುಡ್ಡು ಇಲ್ಲ, ರಾತ್ರಿನೂ ಎತ್ತತಾರ.

ನನ್ನ ಕೂಡ ಮಾತಾಡಿದ ಡಾಕ್ಟರಮ್ಮ ಎಷ್ಟು ತಿಂದ್ರಿ ಅಂತ ಕೇಳಲೇ ಇಲ್ಲ. ಯಾವ ಹೊತ್ತಿಗೆ ಅಂತ ಕೇಳಿದ್ರು. ಅದಕ್ಕಿಂತ ಮೊದಲ ಏನು ಮಾಡತಿದ್ರಿ, ಮನ್ಯಾಗ ಯಾರಿದ್ರು, ಮೊದಲೆಲ್ಲಾ ಆ ಹೊತ್ತಿನಾಗ ಏನು ಮಾಡತಿದ್ರಿ. ಅವ್ವನ ಫೋನ್ ಅಂತ ಹೇಳೋವಾಗ ನನಗ ಅಳು ತಡಿಯಾಕ ಆಗಲಿಲ್ಲ. ಅವ್ರು ಸುಮ್ಮನ ಕುಂತ್ರು, ಅಳಾಕ ಬಿಟ್ರು. ಆಮ್ಯಾಲ ಹೇಳಿದ್ರು, ತಡಕೊಳ್ಳಾಕ ಆಗದಂಗ ತಿನ್ನೋದು ಒಂದು ಕಾಯಿಲೆ ಅಂತ 2013ರಾಗ ಅಮೆರಿಕದ ಮನೋವೈದ್ಯರ ಪಟ್ಟಿಯೊಳಗ ಪ್ರತ್ಯೇಕ ಹೆಸರಿಲೆ ಸೇರೈತಿ, ಅದಕ್ಕ ಚಿಕಿತ್ಸೆ ಐತಿ, ಆಪರೇಶನ್ ಆದೋರು ಒಮ್ಮೆಗೆ ಭಾಳ ತಿನ್ನಾಕ ಆಗಂಗಿಲ್ಲ, ಅದಕ್ಕ ನಿಮ್ಮ ಕಡೆ ಎಷ್ಟು ತಿಂದ್ರಿ ಅನ್ನೋಕಿಂತ ನಿಲ್ಲಸಾಕ ಆತೋ ಇಲ್ಲೋ ಅನ್ನೋದು ಮುಖ್ಯ ಅಂತ. ಕೌನ್ಸೆಲಿಂಗ್‌ನಾಗ ಮಾಡಿಸಿದ್ದೂ ದೊಡ್ಡದೇನಲ್ಲ. ತಿನ್ನಬೇಕು ಅನಸಿದಾಗ ಹೊತ್ತು, ಜಾಗ, ಮನಸಿನಾಗ ಏನಿತ್ತು ಅಂತ ಬರೀಬೇಕು. ಹೊಟ್ಟಿ ಖಾಲಿ ಇಟ್ಕೊಂಡು ಸಂಜಿ ತನಕ ಇರಬಾರದು, ನಾಲ್ಕೂವರೆಗೆ ಸಾಲ್ಯಾಗ ಒಂದು ಕುದಿಸಿದ ತತ್ತಿನೋ, ಒಂದು ಬಟ್ಟಲಾ ಕಾಳೋ ತಿಂದಾ ಮನಿಗೆ ಹೋಗಬೇಕು. ಆ ಐದರ ಹೊತ್ತಿಗೆ ಯಾರ ಕೂಡಾದ್ರೂ ಮಾತಾಡಬೇಕು. ನಾನು ನಮ್ಮ ಚಿಗವ್ವಗ ಫೋನ್ ಮಾಡಾಕ ಹತ್ತೀನಿ, ಅವ್ವನ ತಂಗಿ, ದನಿ ಅವ್ವನ ಥರಾನ ಐತಿ, ಮೊದಮೊದಲು ಇಬ್ಬರೂ ಅಳತಿದ್ವಿ. ಈಗ ಆಕಿ ತನ್ನ ಮೊಣಕಾಲು ನೋವು, ಸೊಸಿ ಸುದ್ದಿ ಎಲ್ಲಾ ಹೇಳತಾಳ.

ಮನ್ಯಾಗ ಒಂದಿಷ್ಟು ಬದಲಾತು. ನಮ್ಮನಿಯವ್ರಿಗೆ ಡಯಟೀಷಿಯನ್ ಮುಂದ ಕುಂಡ್ರಿಸಿ ಎಲ್ಲಾ ಕೇಳಿಸಿದೆ, ಅದಕ್ಕಿಂತ ಮೊದಲ ಅವ್ರು "ಇದೀಟ ತಿಂದ್ರ ಏನಾಗತೈತಿ" ಅಂತಲೂ ಅನ್ನೋರು, "ಅಷ್ಟು ಖರ್ಚು ಮಾಡಿ ಮತ್ತ ತಿಂತೀಯಲ್ಲ" ಅಂತಲೂ ಅನ್ನೋರು, ಎರಡೂ ಪ್ರೀತಿಲೆ, ಎರಡೂ ನನ್ನ ಡಬ್ಬಿ ಕಡೆನ ತಳ್ಳತಿದ್ವು. ಈಗ ಏನೂ ಅನ್ನಂಗಿಲ್ಲ, ಊಟಕ್ಕ ಕುಂತಾಗ ಟಿವಿ ಆರಸ್ತಾರ, ಅಷ್ಟು ಸಾಕು. ಅತ್ತಿ ನನ್ನ ತಟ್ಟ್ಯಾಗ ಮೊದಲ ಕಾಳು, ಮೊಸರು ಹಾಕತಾರ, ಆಮ್ಯಾಲ ರೊಟ್ಟಿ, ಅನ್ನ ಕಡೀಕ, ಜಾಗ ಉಳಿದ್ರ. ದಿನಕ್ಕ ಕನಿಷ್ಠ 60 ಗ್ರಾಂ ಪ್ರೋಟೀನ್ ಅಂತಾರ, ನಮ್ಮ ಊಟದಾಗ ಅದನ್ನ ಮುಟ್ಟೋದು ಸುಲಭ ಇಲ್ಲ, ಬ್ಯಾಳಿ ನೀರಾಗಿದ್ರ ಏನೂ ಸಿಗಂಗಿಲ್ಲ, ಗಟ್ಟಿ ಬ್ಯಾಳಿ, ತತ್ತಿ, ಪನೀರ್, ಮೊಳಕಿ ಕಾಳು, ಸೋಯಾ ಇವನ್ನ ಹಂಚಿ ಹಂಚಿ ತಿನ್ನಬೇಕು, ಮಾಂಸ-ಮೀನು ತಿನ್ನೋರಿಗೆ ಸ್ವಲ್ಪ ಹಗುರ. ಶೇಂಗಾ ಒಳ್ಳೇದ ಆದ್ರ ಹಿಡಿ ಹಿಡಿ ಹೋದ್ರ ಕ್ಯಾಲೊರಿ ಏರತೈತಿ. ಬ್ಯಾಸಿಗ್ಯಾಗ ನೀರಿಂದು ಬ್ಯಾರೆ ತಲಿನೋವು, ಏಪ್ರಿಲ್-ಮೇದಾಗ ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟತೈತಿ, ಒಮ್ಮೆಗೆ ಗಟಗಟ ಕುಡಿಯಾಕ ನಮಗ ಆಗಂಗಿಲ್ಲ, ಬಾಟಲಿ ಕೈಯಾಗ ಹಿಡಕೊಂಡು ದಿನವಿಡೀ ಗುಟುಕು ಗುಟುಕು ಕುಡೀಬೇಕು, ವಾಕಿಂಗ್ ಆರು ಗಂಟೆ ಒಳಗ ಮುಗಿಸಬೇಕು, ಆಗದ ದಿನ ಮನ್ಯಾಗ ಗ್ವಾಡಿಗೆ ಕೈ ಹಚ್ಚಿ ಎದ್ದು ಕುಂತು ಮಾಡಿದ್ರೂ ನಡೀತೈತಿ.

ಗಂಡಸರ ಬಗ್ಗೆ ಒಂದು ವಿಷಯ ಹೇಳಬೇಕು, ಅವ್ರು ಕೇಳಾಕ ಹಿಂಜರಿತಾರ. ಈ ಆಪರೇಶನ್ ಆದ ಮ್ಯಾಲ ಕುಡದ್ರ ಹೆಂಡ ಲಗೂನ ರಕ್ತಕ್ಕ ಸೇರತೈತಿ, ಕಡಿಮಿ ಕುಡದ್ರೂ ಹೆಚ್ಚು ಏರತೈತಿ, ಉಣ್ಣೋ ಸಮಾಧಾನ ಹೋದ ಜಾಗಕ್ಕ ಕುಡಿಯೋದು ಬಂದು ಕುಂಡ್ರೋದು ಡಾಕ್ಟರ್ರು ನೋಡಿದ ವಿಷಯ. ಹಂಗೇನರ ಅನಸಿದ್ರ ಅದನ್ನೂ ಬಾಯಿಬಿಟ್ಟು ಹೇಳ್ರಿ. ಜೀವ ಬ್ಯಾಡ ಅನ್ನೋ ವಿಚಾರ ಬಂದ್ರಂತೂ ಒಂದು ರಾತ್ರಿನೂ ಒಬ್ಬರ ಇರಬ್ಯಾಡ್ರಿ, ಮನ್ಯಾಗ ಯಾರನ್ನಾದ್ರೂ ಎಬ್ಬಸ್ರಿ, 14416ಕ್ಕ ಹಚ್ಚರಿ. ತೂಕ ಇಳಿಸೋ ಹೊಸ ಇಂಜೆಕ್ಷನ್‌ಗಳ ಬಗ್ಗೆ ಭಾಳ ಮಂದಿ ಕೇಳತಾರ, ಮೌಂಜಾರೊ, ವೆಗೋವಿ ಎರಡೂ 2025ರಾಗ ನಮ್ಮ ದೇಶದ ಪೇಟಿಗೆ ಬಂದಾವ, ಆಪರೇಶನ್ ಆದ ಮ್ಯಾಲ ತೂಕ ಏರಿದೋರಿಗೂ ಡಾಕ್ಟರ್ರು ಕೊಡತಾರ. ಬೇಕೋ ಬ್ಯಾಡೋ ಅವರನ್ನ ಕೇಳ್ರಿ, ಮೆಡಿಕಲ್ ಅಂಗಡ್ಯಾಗ ನೀವ ತಗೋಬ್ಯಾಡ್ರಿ. ಬಂದಾಗ ರೇಟೂ ಕಡಿಮಿ ಇರಲಿಲ್ಲ.

ನನ್ನ ತೂಕ ಈಗ 82. 74ಕ್ಕ ವಾಪಸ್ ಹೋಗತೀನೋ ಇಲ್ಲೋ ಗೊತ್ತಿಲ್ಲ, ಡಾಕ್ಟರ್ರು ಅದನ್ನ ಗುರಿ ಅಂತ ಇಟ್ಟಿಲ್ಲ, ಶುಗರ್ ಹಿಡಿತದಾಗ ಐತಿ, ರಾತ್ರಿ ನಿದ್ದಿ ಬರತೈತಿ, ಸಂಜಿ ಡಬ್ಬಿ ಒಮ್ಮೊಮ್ಮೆ ಈಗೂ ತಗೀತೀನಿ. ತಗದ್ರ ಬಟ್ಟಲಾಕ ಹಾಕ್ಕೊಂಡು, ಕುಂತು, ತಿಂದು, ಬರದಿಡತೀನಿ.

ನಿಮಗ ಎರಡು-ಮೂರು ವರ್ಷ ಆಗಿದ್ದು, ದವಾಖಾನಿ ಕಡೆ ಹೋಗದ ಭಾಳ ದಿನ ಆಗಿದ್ರ ಈ ವಾರ ಫೋನ್ ಮಾಡಿ ದಿನ ಗೊತ್ತು ಮಾಡ್ರಿ. ಬೈತಾರನ್ನೋ ಹೆದರಿಕಿ ಇದ್ರ ಬ್ಯಾರೆ ಡಾಕ್ಟರ್ ಕಡೆ ಹೋದ್ರೂ ನಡೀತೈತಿ, ಆದ್ರ ಹಳೇ ಡಿಸ್ಚಾರ್ಜ್ ಕಾಗದ ಒಯ್ಯೋದು ಮರೀಬ್ಯಾಡ್ರಿ, ಸ್ಲೀವ್ ಆಗೈತೋ ಬೈಪಾಸ್ ಆಗೈತೋ ಅನ್ನೋದ್ರ ಮ್ಯಾಲ ಗುಳಿಗಿ ಬದಲಾಗತಾವ, ಬೈಪಾಸ್ ಆದೋರಿಗಂತೂ ಮೈಕೈ ನೋವಿನ ಕೆಲವು ಗುಳಿಗಿ ನಡಿಯಂಗಿಲ್ಲ. ಈಗ ತಗೊಳ್ಳೋ ಗುಳಿಗಿ ಎಲ್ಲಾ ಒಂದು ಚೀಲದಾಗ ಹಾಕ್ಕೊಳ್ರಿ. ತಿನ್ನೋದು ತಡಕೊಳ್ಳಾಕ ಆಗವಲ್ದು ಅನ್ನೋದನ್ನ ಒಂದು ಚೀಟಿಯೊಳಗ ಬರಕೊಂಡು ಹೋಗ್ರಿ, ಅಲ್ಲಿ ಹೋದ ಮ್ಯಾಲ ಬಾಯಿಗೆ ಬರದಿದ್ರ ಚೀಟಿ ಕೊಟ್ಟುಬಿಡ್ರಿ. ಶುಗರ್ ಟೆಸ್ಟ್‌ಗೆ ಖಾಲಿ ಹೊಟ್ಟಿಲೆ ಬರ್ರಿ ಅಂತಾರ, ಹಂಗಾಗಿ ರಕ್ತ ಕೊಟ್ಟ ಮ್ಯಾಲ ಉಣ್ಣಾಕ ಕಾಳು ಪಲ್ಯ, ಅರ್ಧ ರೊಟ್ಟಿ ಬುತ್ತಿ ಕಟಗೊಂಡು ಹೋಗ್ರಿ.